ಹೋತೇನು ಎಂದು ಮೂರು ಸಲ ಕೇಳಿದರು

ನಾನು ಕಾರ್ಯಕರ್ತೆಯಾಗಿರುವ ಅಬ್ಬಿಗೇರಿಯ ಅಂಗನವಾಡಿಯ ಗೋಡೆಯ ಮೇಲೆ ನಾನೇ ಕೈಯಾರೆ ನೀಲಿ ಬಣ್ಣದಲ್ಲಿ ಬರೆದಿದ್ದೆ: ‘ಮಕ್ಕಳಿಗೆ ಚುಟಿಗಿ ಹಾಕಿಸಬೇಡಿರಿ. ದವಾಖಾನೆಗೆ ಕರೆತನ್ನಿರಿ.’ ಚುಟಿಗಿ ಅಂದರೆ ಏನನ್ನಾದರೂ ಬೆಂಕಿಗೆ ಹಿಡಿದು ಕಾಯಿಸಿ ಮಗುವಿನ ಹೊಟ್ಟೆಯ ಮೇಲೆ ಒತ್ತುವುದು. ಹೊಟ್ಟೆನೋವಿಗೆ ನಮ್ಮ ಕಡೆ ಅದು ಹಳೆಯ ಮದ್ದು. ಆ ಅಕ್ಷರ ಬರೆದ ನಾಲ್ಕನೆಯ ವರ್ಷ ನನ್ನ ಮಗಳ ಹೊಟ್ಟೆಗೆ ಐದು ಚುಟಿಗಿ ಹಾಕಿಸಿದೆ. ಹಾಕುವಾಗ ಅವಳ ಎರಡೂ ಕಾಲು ಗಟ್ಟಿಯಾಗಿ ಹಿಡಿದಿದ್ದವಳೂ ನಾನೇ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎನ್ನುತ್ತಾರಲ್ಲ, ಆ ಗಾದೆಯನ್ನು ನನ್ನ ಹಣೆಯ ಮೇಲೆ ಬರೆದರೂ ನಾನು ಬೇಡ ಎನ್ನುವುದಿಲ್ಲ.

ಇದನ್ನೆಲ್ಲ ಈಗ ಯಾಕೆ ಹೇಳಬೇಕು ಎಂದು ನಮ್ಮ ಮನೆಯವರು ಕೇಳಿದರು. ‘ಎಲ್ಲಾ ಸರಿ ಐತಿ’ ಎಂಬ ಚೀಟಿಯನ್ನು ಒಂದು ಕೈಯಲ್ಲಿ, ಹೊಟ್ಟೆ ಹಿಡಿದುಕೊಂಡು ಅಳುವ ಮಗುವನ್ನು ಇನ್ನೊಂದು ಕೈಯಲ್ಲಿ ಹಿಡಿದು ದವಾಖಾನೆಯ ಮೆಟ್ಟಿಲು ಇಳಿಯುವ ತಾಯಂದಿರನ್ನು ನಾನು ಇವತ್ತಿಗೂ ನೋಡುತ್ತೇನೆ. ಅವರಿಗಾಗಿ ಹೇಳುತ್ತಿದ್ದೇನೆ. ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಮಗಳ ಹೆಸರು ಶಿವಲೀಲಾ. ಮನೆಯಲ್ಲಿ ಲೀಲಿ. ಆಗ ಅವಳಿಗೆ ಒಂಬತ್ತು ವರ್ಷ, ನಾಲ್ಕನೆಯ ಇಯತ್ತೆ. ಸಾಲಿಯಲ್ಲಿ ಬಿಸಿಯೂಟ ಹೊಸದಾಗಿ ಶುರುವಾಗಿತ್ತು. ಊರಿಗೊಂದು ಮೊಬೈಲು ಬಂದರೆ ಎಲ್ಲರೂ ಮುಟ್ಟಿ ನೋಡುತ್ತಿದ್ದ ಕಾಲ. ಮಳೆಗಾಲದಲ್ಲಿ ಒಂದು ವಾರ ಭೇದಿಯಾಗಿ ಸೊರಗಿ ಎದ್ದಳು. ಭೇದಿ ನಿಂತಿತು, ನೋವು ನಿಲ್ಲಲಿಲ್ಲ. ಹೊಕ್ಕಳ ಸುತ್ತ ಅಂಗೈ ಆಡಿಸಿ ‘ಇಲ್ಲಿ’ ಎನ್ನುತ್ತಿದ್ದಳು. ಬೆಳಿಗ್ಗೆ ಸಾಲಿಯ ಹೊತ್ತಿಗೆ ಹೆಚ್ಚು. ಆಟದ ನಡುವೆಯೂ ಬರುತ್ತಿತ್ತು, ಕುಂಟೆಬಿಲ್ಲೆ ಆಡುವವಳು ಬಿಲ್ಲೆ ಕೈಯಲ್ಲೇ ಹಿಡಿದು ಕುಕ್ಕರಿಸಿಬಿಡುತ್ತಿದ್ದಳು. ಮುಖದ ಬಣ್ಣ ಇಳಿದು ಹೋಗುತ್ತಿತ್ತು. ಅರ್ಧ ತಾಸಿಗೆ ಮತ್ತೆ ಎದ್ದು ಓಡುತ್ತಿದ್ದಳು. ಈ ಎದ್ದು ಓಡುವುದೇ ಅವಳಿಗೆ ಮುಳುವಾಯಿತು. ಈಗಷ್ಟೇ ಸಾಯುವ ಹಾಗೆ ಮಾಡಿದವಳು ಈಗ ಹೇಗೆ ಓಡುತ್ತಾಳೆ ಎಂದು ಓಣಿಯವರೆಲ್ಲ ಕೇಳಲು ಶುರುಮಾಡಿದರು.

ರೋಣದ ದವಾಖಾನೆಯಲ್ಲಿ ಜಂತಿನ ಗುಳಿಗೆ ಕೊಟ್ಟರು. ಮುಂದಿನ ತಿಂಗಳು ಮತ್ತೊಮ್ಮೆ ಕೊಟ್ಟರು. ಮೂರನೆಯ ಸಲ ಹೋದಾಗ ಕಂಪೌಂಡರ್ ನಕ್ಕು, “ಏನ್ರಿ ಅಕ್ಕೋರ, ಊರ ಮಕ್ಕಳನ್ನೆಲ್ಲಾ ತೂಗತೀರಿ, ನಿಮ್ಮ ಮಗಳ ಹೊಟ್ಟಿ ಒಳಗಿನ ಹುಳಾ ನಿಮಗ ಸಿಗವಲ್ವು?” ಎಂದ. ನನಗೂ ನಗು ಬಂತು. ಲೀಲಿಗೆ ಬರಲಿಲ್ಲ.

ಆಮೇಲೆ ಗಜೇಂದ್ರಗಡಕ್ಕೆ ಹೋದೆವು. ಅಲ್ಲಿ ಒಂದು ಕಡೆ ವಾರಕ್ಕೊಮ್ಮೆ ಸ್ಕ್ಯಾನಿಂಗ್ ಡಾಕ್ಟರು ಬರುತ್ತಿದ್ದರು. ಬೆಂಚಿನ ತುಂಬ ಬಸುರಿಯರು, ಅವರ ನಡುವೆ ಎರಡು ಜಡೆಯ ನನ್ನ ಮಗಳು. ನೀರು ಕುಡಿಸಿ ಕೂಡಿಸಿರಿ, ಉಚ್ಚೆಗೆ ಬಿಡಬೇಡಿರಿ ಎಂದು ಹೇಳಿದ್ದರು. ಡಾಕ್ಟರ ಮೋಟರು ದಾರಿಯಲ್ಲಿ ಕೆಟ್ಟು ನಿಂತಿತಂತೆ, ಎರಡು ತಾಸು ತಡ. ಲೀಲಿ ಕಾಲು ಹೊಸೆಯುತ್ತ, ತುಟಿ ಕಚ್ಚುತ್ತ ಕೂತಳು. ಪಕ್ಕದ ಬಸುರಿ ಹೆಣ್ಣುಮಗಳು ಅವಳ ಜಡೆ ನೇವರಿಸಿ, “ಯಾಕವ್ವಾ, ನಿನಗೇನಾಗೈತಿ?” ಎಂದು ಕೇಳಿದಳು. ಲೀಲಿ ದೊಡ್ಡವರ ಹಾಗೆ, “ಅದನ್ನ ನೋಡಾಕ ಬಂದೇವ್ರಿ” ಎಂದಳು. ಆ ಹುಡುಗಿ ಹೆದರಿರಲಿಲ್ಲ. ಏನೋ ಇದೆ, ಇವರು ಕಂಡುಹಿಡಿಯುತ್ತಾರೆ ಎಂದು ಆಸೆ ಇಟ್ಟುಕೊಂಡಿದ್ದಳು.

ಏನೂ ಸಿಗಲಿಲ್ಲ. ಡಾಕ್ಟರು, “ಎಲ್ಲಾ ನಾರ್ಮಲ್ ಐತ್ರಿ, ದೇವರಿಗೆ ಕಾಯಿ ಒಡಸ್ರಿ” ಎಂದರು. ನಮ್ಮ ಮನೆಯವರು ನಿಟ್ಟುಸಿರು ಬಿಟ್ಟು ಚಹಾ ಕುಡಿಯಲು ಹೋದರು. ಬಸ್ ಸ್ಟ್ಯಾಂಡಿನಲ್ಲಿ ಲೀಲಿ ನನ್ನ ಸೆರಗು ಜಗ್ಗಿ ಕೇಳಿದಳು.

“ಅವ್ವಾ, ಹಂಗಾರ ನಂದು ಸುಳ್ಳೇನು?”

ಬಸ್ಸು ಬಂತು, ಸೀಟು ಹಿಡಿಯಲು ಓಡಿದೆ.

ನಮ್ಮ ಮನೆಯವರು ಕೆಟ್ಟವರಲ್ಲ. ಪಂಚಾಯ್ತಿಯಲ್ಲಿ ನೀರು ಬಿಡುವ ಕೆಲಸ. ಊರಿನ ಪೈಪುಗಳೆಲ್ಲ ಎಲ್ಲೆಲ್ಲಿ ಹಾಯುತ್ತವೆ ಎಂದು ಕಣ್ಣು ಮುಚ್ಚಿ ಹೇಳುವ ಮನುಷ್ಯ, ಕಾಣದ್ದನ್ನು ನಂಬುವವರಲ್ಲ. ಸ್ಕ್ಯಾನಿಂಗ್ ಆದ ಮೇಲೆ ಅವರ ಮಟ್ಟಿಗೆ ನೋವೂ ಮುಗಿಯಿತು. “ಸಾಲಿ ಬುಡಸಾಕ ಕಲತಾಳ. ಸೋಗು” ಎಂದರು. ಒಂದು ಬೆಳಿಗ್ಗೆ ಲೀಲಿ ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಹೊಸ್ತಿಲಲ್ಲೇ ಮಡಚಿಕೊಂಡು ಬಿದ್ದಾಗ ಕೆನ್ನೆಗೆ ಒಂದು ಬಿಟ್ಟರು. ಲೀಲಿ ಅಳಲಿಲ್ಲ. ಎದ್ದು ಸಾಲಿಗೆ ಹೋದಳು, ಓಣಿಯ ತಿರುವಿನಲ್ಲಿ ವಾಂತಿ ಮಾಡಿಕೊಂಡಳೆಂದು ಆಮೇಲೆ ಗೊತ್ತಾಯಿತು.

ನಮ್ಮ ಮನೆಯಲ್ಲಿ ಅವಳ ನೋವನ್ನು ನಂಬಿದವರು ಒಬ್ಬರೇ, ನಮ್ಮ ಅತ್ತೆ. ಓದು ಬರಹ ಇಲ್ಲದ ಮುದುಕಿ. ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, “ಡಾಕ್ಟರಗ ಏನ ಗೊತ್ತು? ಕೂಸಿನ ಮಾರಿ ನೋಡ್ರಿ. ಖರೇನ ನೋವೈತಿ” ಎನ್ನುತ್ತಿದ್ದಳು. ಹರಳೆಣ್ಣೆ ಹಚ್ಚಿ ತಿಕ್ಕಿದಳು, ಅಜವಾನ ಅಗಿದು ಉಗುಳು ನುಂಗಿಸಿದಳು, ದೃಷ್ಟಿ ತೆಗೆದಳು. ಕೊನೆಗೆ ಒಂದು ದಿನ ಒಲೆಯ ಮುಂದೆ ನನ್ನನ್ನು ಕೂಡಿಸಿಕೊಂಡು, ತನ್ನ ಸೀರೆ ಸರಿಸಿ ಹೊಕ್ಕಳ ಸುತ್ತ ಇರುವ ಹಳೆಯ ಚುಟಿಗಿಯ ಗುರುತು ತೋರಿಸಿದಳು.

“ನನಗೂ ಹಾಕ್ಸಿದ್ಲು ನಮ್ಮವ್ವ. ನಾ ಸತ್ತಿಲ್ಲಲ್ಲ? ಗೋಡಿ ಮ್ಯಾಲೆ ಬರದದ್ದು ಊರಾಗಿನ ಮಕ್ಕಳಿಗೆ ಇರಲಿ. ಇಕಿ ನಮ್ಮ ಕೂಸು.”

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಂದು ಕಡೆ ಸೋಗು ಎಂದು ಹೊಡೆಯುವ ಅಪ್ಪ, ಇನ್ನೊಂದು ಕಡೆ ಖರೆ ಎಂದು ಸುಡಿಸಲು ಹೊರಟ ಅಜ್ಜಿ. ನಂಬಿದವಳ ಕಡೆ ಹೋದೆ. ಇದು ನೆಪ ಎಂದು ನೀವು ಅಂದರೆ ನಾನು ವಾದ ಮಾಡುವುದಿಲ್ಲ.

ನರಗುಂದದ ದಾರಿಯಲ್ಲಿ ಬಸ್ಸಿಳಿದು ಎರೆಹೊಲದ ನಡುವೆ ನಡೆದು ಹೋಗುವ ಒಂದು ಹಳ್ಳಿ, ಹೆಸರು ಬೇಡ. ರವಿವಾರ ಬೆಳಿಗ್ಗೆ, ಹಸಿದ ಹೊಟ್ಟೆಯಲ್ಲಿ ಬರಬೇಕೆಂದು ಹೇಳಿದ್ದರು. ಚುಟಿಗಿ ಹಾಕುವವಳು ಮೆತ್ತಗಿನ ಮಾತಿನ ಮುದುಕಿ, ಎಲೆ ಅಡಿಕೆ ತೆಂಗಿನಕಾಯಿ ಬಿಟ್ಟರೆ ಏನನ್ನೂ ಮುಟ್ಟುವವಳಲ್ಲ. ಲೀಲಿಯನ್ನು ಕಂಬಳಿಯ ಮೇಲೆ ಮಲಗಿಸಿದರು. ಅತ್ತೆ ಕೈ ಹಿಡಿದಳು, ನಾನು ಕಾಲು. ಮುದುಕಿ ಅರಿಷಿಣ ಕೊಂಬನ್ನು ದೀಪಕ್ಕೆ ಹಿಡಿದಳು. ಕೊಂಬಿನ ತುದಿ ಕೆಂಪಾಯಿತು.

ಅಲ್ಲೊಂದು ಪದ್ಧತಿ ಇತ್ತು, ನಮಗೆ ಮೊದಲು ಗೊತ್ತಿರಲಿಲ್ಲ. ನಾಲ್ಕು ಚುಟಿಗಿ ಹಾಕಿದ ಮೇಲೆ ಮುದುಕಿ ಮಗುವಿನ ಮುಖದ ಹತ್ತಿರ ಬಗ್ಗಿ “ಹೋತೇನು?” ಎಂದು ಕೇಳಬೇಕು. ಮೂರು ಸಲ ಕೇಳಬೇಕು. ಮೂರು ಸಲವೂ ಮಗು “ಹೋತು” ಎನ್ನಬೇಕು. ಅನ್ನದಿದ್ದರೆ ನೋವು ಇನ್ನೂ ಒಳಗೇ ಕೂತಿದೆ ಎಂದು ಲೆಕ್ಕ.

ಲೀಲಿ ಸುಳ್ಳು ಹೇಳುವ ಮಗು ಆಗಿರಲಿಲ್ಲ. ಮೊದಲನೆಯ ಸಲ ಕೇಳಿದಾಗ ಬಿಕ್ಕುತ್ತ, “ಇಲ್ಲ, ಇನ್ನೂ ನೋಯಾಕತ್ತೈತಿ” ಎಂದಳು.

ಐದನೆಯದು ಬಿದ್ದದ್ದು ಆಗ. ಅವಳ ಕಾಲು ನನ್ನ ಕೈಯಿಂದ ಜಾರಲು ನೋಡಿತು. ನಾನು ಇನ್ನೂ ಬಿಗಿಯಾಗಿ ಹಿಡಿದೆ.

“ಹೋತೇನು?”

“ಹೋತು.”

“ಹೋತೇನು?”

“ಹೋತು.”

ಮೂರನೆಯ ಸಲ ಕೇಳುವ ಮೊದಲೇ ಅವಳು “ಹೋತು, ಹೋತು” ಎಂದು ನನ್ನನ್ನು ನೋಡಿದಳು. ಮುದುಕಿಯನ್ನಲ್ಲ, ನನ್ನನ್ನು.

ಮತ್ತೆ ಅವಳು ಹೊಟ್ಟೆನೋವು ಎನ್ನಲಿಲ್ಲ. ಸುಟ್ಟ ಗಾಯ ಮಾಯುವವರೆಗೆ ಲಂಗದ ಲಾಡಿ ಸಡಿಲ ಬಿಟ್ಟುಕೊಂಡು ಓಡಾಡಿದಳು, ಆಮೇಲೆ ದಿನವೂ ಸಾಲಿಗೆ ಹೋದಳು. ನಾನು ದಿನಾ ಬೆಳಿಗ್ಗೆ ಜಡೆ ಹಾಕುತ್ತ “ನೋಯ್ತತೇನು?” ಎಂದು ಕೇಳುತ್ತಿದ್ದೆ. “ಹೋತವ್ವಾ” ಎನ್ನುತ್ತಿದ್ದಳು. ಅತ್ತೆ ಹೋದಲ್ಲೆಲ್ಲ ಚುಟಿಗಿಯಿಂದ ಆರಾಮಾಯಿತೆಂದು ಹೇಳಿಕೊಂಡು ಬಂದಳು. ನಮ್ಮ ಮನೆಯವರು, “ಸೋಗಿಗೆ ಬೆಂಕಿನ ಔಷಧ” ಎಂದು ನಕ್ಕರು. ನಾನು? ಅಂಗನವಾಡಿಯ ಗೋಡೆಯ ಬರಹದ ಮೇಲೆ ಮಕ್ಕಳ ಹಾಜರಿಯ ತಕ್ತೆ ತೂಗುಹಾಕಿ ಅಕ್ಷರ ಮುಚ್ಚಿದೆ. ಸತ್ಯ ಹೇಳುತ್ತೇನೆ, ಆ ಎರಡು ತಿಂಗಳು ನಾನು ಸುಖವಾಗಿದ್ದೆ.

ತಿಂಗಳ ತೂಕದ ದಿನ ಶಾಂತವ್ವ ಬಂದಳು. ನಮ್ಮ ಹಿಂದಿನ ಓಣಿಯವಳು, ಎಂಟು ತಿಂಗಳ ಗಂಡುಕೂಸಿನ ತಾಯಿ. ತೂಕದ ಜೋಳಿಗೆಗೆ ಹಾಕಲು ಕೂಸಿನ ಅಂಗಿ ಎತ್ತಿದೆ. ಹೊಟ್ಟೆಯ ಮೇಲೆ ಮೂರು ಚುಟಿಗಿ. ಒಂದು ಕೀವಾಗಿತ್ತು, ಸುತ್ತ ಕೆಂಪಗೆ ಬಾತಿತ್ತು. ಕೂಸಿನ ಮೈ ಕೆಂಡ.

“ಶಾಂತವ್ವಾ, ಇದೇನ ಮಾಡಿದಿ?” ಎಂದು ಕೂಗಿದೆ.

ಅವಳು ಗಾಬರಿಯಾಗಿ ನನ್ನನ್ನೇ ನೋಡಿದಳು. “ಹಾಲು ಕುಡದು ಭಾಳ ಅಳತಿತ್ರಿ ಅಕ್ಕೋರ. ಹೊಟ್ಟಿ ನೋವಂದ್ರು. ನೀವ ನಿಮ್ಮ ಲೀಲೀಗೆ ಹಾಕ್ಸಿ ಆರಾಮ ಆಗೈತಿ ಅಂತ ಗೊತ್ತಾತು. ಅಕ್ಕೋರ ಹಾಕ್ಸ್ಯಾರಂದ್ರ ಏನೂ ಆಗಂಗಿಲ್ಲ ಅಂತ…”

ಅವಳ ದನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ.

ಅಂಗನವಾಡಿಯ ಸಹಾಯಕಿ ಹಸೀನಾ ಪಾತ್ರೆ ತೊಳೆಯುವುದು ಬಿಟ್ಟು ಒಳಗೆ ಬಂದು ನಿಂತಿದ್ದಳು. ಕೈ ಒರೆಸಿಕೊಳ್ಳುತ್ತ, “ಅಕ್ಕೋರ, ಇನ್ನ ನನ್ನ ಹೊಟ್ಟ್ಯಾಗ ಇಟಗೊಳ್ಳಾಕ ಆಗಂಗಿಲ್ರಿ. ನಿಮ್ಮ ಲೀಲೀದು ಹೋಗಿಲ್ಲ” ಎಂದಳು. ಸಾಲಿಯ ಬಿಡುವಿನಲ್ಲಿ ಲೀಲಿ ಅಂಗನವಾಡಿಯ ಹಿತ್ತಲ ಬಾಗಿಲಿಂದ ಬಂದು, ಕಾಳಿನ ಚೀಲಗಳ ಹಿಂದೆ ಬೋರಲು ಮಲಗಿ ಚೀಲಕ್ಕೆ ಹೊಟ್ಟೆ ಒತ್ತಿಕೊಂಡು ಇರುತ್ತಿದ್ದಳಂತೆ. ಗಂಟೆ ಬಾರಿಸಿದ ಕೂಡಲೇ ಎದ್ದು ಹೋಗುತ್ತಿದ್ದಳಂತೆ. ನಾನು ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದ ಹೊತ್ತು ಅದು.

“ನನಗ ಯಾಕ ಹೇಳಲಿಲ್ಲ?”

“ಆಣಿ ಹಾಕ್ಸಿದ್ಲು. ಅವ್ವಗ ಹೇಳಿದ್ರ ಮತ್ತ ಕಾಲು ಹಿಡೀತಾಳ ಅಂದ್ಲು.”

ಅವತ್ತು ಮೊದಲು ಶಾಂತವ್ವನ ಕೂಸನ್ನು ಎತ್ತಿಕೊಂಡು ರೋಣಕ್ಕೆ ಓಡಿದೆವು. ದವಾಖಾನೆಯ ಡಾಕ್ಟರು ಕೂಸಿನ ಹೊಟ್ಟೆ ನೋಡಿ ಶಾಂತವ್ವನ ಮೇಲೆ ಹರಿಹಾಯ್ದರು. “ನಿಮಗ ಮನುಷ್ಯರ ಅಂತಾರೇನು? ಯಾರು ಹೇಳಿದ್ರು ನಿನಗ ಇದನ್ನ ಮಾಡಾಕ? ಹೇಳು, ಯಾರು?” ಎಂದು ಮೇಜು ಬಡಿದರು. ಶಾಂತವ್ವ ತಲೆ ತಗ್ಗಿಸಿ ನೆಲ ನೋಡಿದಳು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ, ಇಲಾಖೆಯ ಸೀರೆ ಉಟ್ಟುಕೊಂಡು. ಅವಳು ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಡಾಕ್ಟರು ನನ್ನ ಕಡೆ ತಿರುಗಿ, “ನೀವಾದ್ರೂ ಇಂಥವ್ರಿಗೆ ತಿಳಿಸಿ ಹೇಳಬೇಕಲ್ರಿ” ಎಂದರು. ನಾನು “ಹೌದ್ರಿ ಸರ್” ಎಂದೆ.

ಕೂಸು ಒಂಬತ್ತು ದಿನ ಅಲ್ಲಿತ್ತು. ಬದುಕಿತು. ಬದುಕದೇ ಹೋಗಿದ್ದರೆ ಇದನ್ನು ಬರೆಯಲು ನನಗೆ ಕೈ ಬರುತ್ತಿರಲಿಲ್ಲ, ನಮ್ಮ ಊರಲ್ಲಿ ಇರಲೂ ಆಗುತ್ತಿರಲಿಲ್ಲ. ‘ಹೌದ್ರಿ ಸರ್’ ಎಂದ ಆ ನಾಲಿಗೆಯ ನಾಚಿಕೆ ಮಾತ್ರ ಚುಟಿಗಿಯ ಹಾಗೆ ಉಳಿದಿದೆ.

ಮುಂದಿನ ವಾರ ಲೀಲಿಯನ್ನು ಗದಗಿಗೆ, ಮಕ್ಕಳ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ನಮ್ಮ ಮನೆಯವರೂ ಬಂದರು. ವಯಸ್ಸಾದ ಹೆಣ್ಣುಮಗಳು ಆ ಡಾಕ್ಟರು, ಅವಸರವಿಲ್ಲದವರು. ಮಲಗಿಸಿ ಫ್ರಾಕು ಎತ್ತಿದರು. ಐದು ಗುರುತು ನೋಡಿದರು. ನನ್ನ ಕಡೆ ನೋಡಲಿಲ್ಲ. ಬಗ್ಗಿ, “ನೋವೈತೇನವ್ವಾ?” ಎಂದು ಕೇಳಿದರು.

“ಹೋತ್ರಿ.”

“ಈಗ ಒತ್ತಿದ್ರ?”

“ಹೋತ್ರಿ. ಹೋತು, ಹೋತು.” ಕಾಲುಗಳನ್ನು ಒಂದಕ್ಕೊಂದು ಹೆಣೆದುಕೊಂಡು ಬಿಟ್ಟಿದ್ದಳು. ಹಣೆಯ ಮೇಲೆ ಬೆವರು.

ಮುದುಕಿಯ ಮೂರು ಪ್ರಶ್ನೆ, ಐದನೆಯ ಚುಟಿಗಿ, ನಾನು ಹಿಡಿದ ಕಾಲು, ಎಲ್ಲವನ್ನೂ ಡಾಕ್ಟರಿಗೆ ಹೇಳಿದೆ. ದಿನಾ ಬೆಳಿಗ್ಗೆ ಜಡೆ ಹಾಕುತ್ತ ನಾನು ಕೇಳುತ್ತಿದ್ದದ್ದೂ ಅದೇ ಪ್ರಶ್ನೆ ಎಂದು ಆಗ ಹೊಳೆಯಿತು. ಆ ಮುದುಕಿಯ ಮನೆಯಲ್ಲಿ ಒಂದು ದಿನ ಕೇಳಿದರು, ನಾನು ಎರಡು ತಿಂಗಳು ಕೇಳಿದೆ.

ಡಾಕ್ಟರು ಮಗಳನ್ನು ಎಬ್ಬಿಸಿ ಕೂಡಿಸಿದರು. ತಾವೂ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತರು. ನಮಗಲ್ಲ, ಅವಳಿಗೆ ಹೇಳಿದರು: “ಶಿವಲೀಲಾ, ಒಳಗ ಗಾಯ ಇಲ್ಲ, ಅದು ಖರೇ. ನಿನಗ ನೋವಾಕ್ಕೈತಿ, ಅದೂ ಖರೇ. ನೀ ಸುಳ್ಳು ಹೇಳಿಲ್ಲ.”

ಲೀಲಿ ಅಪ್ಪನ ಮುಖ ನೋಡಿದಳು. ಅವರು, “ನಮ್ಮ ಹಳೇ ಲೈನಿನ್ಯಾಗ ಹಂಗ ಆಕ್ಕೈತ್ರಿ. ಪೈಪಿಗೆ ತೂತಿರಂಗಿಲ್ಲ, ಆದ್ರ ನೀರು ಬಿಟ್ಟಾಗ ಧಡಧಡ ಬಡಕೋತೈತಿ” ಎಂದರು. “ಹಂಗ ಅನ್ರಿ” ಎಂದರು ಡಾಕ್ಟರು. ನಮ್ಮ ಮನೆಯವರ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಔಷಧ ಹೆಚ್ಚಿಗೇನೂ ಬರೆಯಲಿಲ್ಲ. ತೂಕ ಇಳಿದರೆ, ರಕ್ತ ಹೋದರೆ, ನಿದ್ದೆಯಿಂದ ಎಬ್ಬಿಸುವ ನೋವು ಬಂದರೆ ತಡಮಾಡದೆ ಕರೆತನ್ನಿ ಎಂದರು. ಸಾಲಿ ತಪ್ಪಿಸಬೇಡಿರಿ, ನೋವು ಬಂದಾಗ ಹೊಟ್ಟೆ ಉಬ್ಬಿಸಿ ನಿಧಾನ ಉಸಿರು ಬಿಡುವುದನ್ನು ಕಲಿಸಿರಿ ಎಂದು ತೋರಿಸಿಕೊಟ್ಟರು. ಯಾಕೆ ಬಂತು ಎಂದು ನಾನು ಪಟ್ಟು ಹಿಡಿದು ಕೇಳಿದೆ. ಭೇದಿಯಿಂದಲೇ? ಬಿಸಿಯೂಟದಿಂದಲೇ? ನಾನು ಬೈದದ್ದಕ್ಕೇ? “ಒಂದ ಕಾರಣ ಸಿಕ್ಕರ ನಿಮಗ ಸಮಾಧಾನ ಆಕ್ಕೈತಿ, ಅಕಿಗೇನಾಗಬೇಕು?” ಎಂದರು. ಕೊನೆಗೆ ಹೇಳಿದ್ದು ಒಂದೇ: “ನೋವೈತೇನು ಅಂತ ಕೇಳಬ್ಯಾಡ್ರಿ. ಅಕಿ ತಾನ ಹೇಳಿದಾಗ ಬಾಜೂಕ ಕೂಡ್ರಿ, ಸಾಕು.”

ಕೇಳದೇ ಇರುವುದು ಎಷ್ಟು ಕಷ್ಟ ಎಂದು ಮಕ್ಕಳ ನೋವು ನೋಡಿದವರಿಗೇ ಗೊತ್ತು. ಜಡೆ ಹಾಕುವಾಗ ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದುಕೊಳ್ಳುತ್ತಿದ್ದೆ. ಅತ್ತೆಗೂ ಹೇಳಿದೆವು, ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡು, “ನಾ ನಂಬಿದ್ದೆ, ನನ್ನ ಕೈಯಾಗ ಹಿಂಗಾತಲ್ಲ” ಎಂದು ಅತ್ತಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಲೀಲಿ ಮಾತ್ರ ನೋವಿನ ಮಾತು ಎತ್ತಲಿಲ್ಲ. ಜೋಳದ ಸುಗ್ಗಿ ಮುಗಿಯಿತು, ಬೇಸಿಗೆ ಬಂತು, ಸಾಲಿ ಮುಚ್ಚಿ ಮತ್ತೆ ತೆರೆಯಿತು. ನೋವು ಬಂದಾಗ ನನಗೆ ಗೊತ್ತಾಗುತ್ತಿತ್ತು, ಮುಖದ ಬಣ್ಣ ಇಳಿಯುತ್ತಿತ್ತು. ನಾನು ಇದ್ದಲ್ಲೇ ಇರುತ್ತಿದ್ದೆ, ಅವಳು ಎದ್ದು ಹಿತ್ತಲಿಗೆ ಹೋಗುತ್ತಿದ್ದಳು.

ಐದನೆಯ ಇಯತ್ತೆಯ ಶುರುವಿನಲ್ಲಿ ಒಂದು ಬೆಳಿಗ್ಗೆ, ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದೆ. ಬಂದು ಒಂದು ಮಾರು ದೂರ ನಿಂತಳು.

“ಅವ್ವಾ, ಹೊಟ್ಟಿ ನೋಯಾಕತ್ತೈತಿ.”

ಆ ಮಾತಿಗಾಗಿ ನಾನು ಎಷ್ಟು ದೇವರಿಗೆ ಬೇಡಿಕೊಂಡಿದ್ದೆನೋ. ಮಗಳಿಗೆ ನೋವಿದೆ ಎಂದು ಕೇಳಿ ಸಂತೋಷಪಟ್ಟ ತಾಯಿ ನಾನೊಬ್ಬಳೇ ಇರಬೇಕು. ಅವಳು ನನ್ನ ಕೈಗಳನ್ನೇ ನೋಡುತ್ತಿದ್ದಳು. ಎರಡೂ ಕೈ ಸೆರಗಿನೊಳಗೆ ಸುತ್ತಿಕೊಂಡು, “ಬಾ, ಕುಂದ್ರು” ಎಂದೆ. ಬಂದು ಕೂತಳು. ಉಸಿರು ಬಿಟ್ಟಳು, ನಾನೂ ಅವಳ ಜೊತೆ ಬಿಟ್ಟೆ. ಕಾಲು ತಾಸಾದ ಮೇಲೆ ತಾನಾಗಿಯೇ, “ಇನ್ನೂ ಹೋಗಿಲ್ಲ” ಎಂದಳು. “ಇರವಲ್ಲದ್ಯಾಕ, ಇರಲಿ” ಎಂದೆ. ಪಾಟಿಚೀಲ ಎತ್ತಿಕೊಂಡು, ನೋವಿನ ಸಂಗಡವೇ ಸಾಲಿಗೆ ಹೋದಳು.

ಪೂರಾ ಹೋಗಲು ಮತ್ತೆ ಮೂರು ವರ್ಷ ಹಿಡಿಯಿತು. ಈಗಲೂ ಪರೀಕ್ಷೆ, ಪ್ರಯಾಣ ಅಂದರೆ ಒಮ್ಮೊಮ್ಮೆ ಇಣುಕುತ್ತದೆ, ಅವಳು ಅದನ್ನು ಹಳೆಯ ನೆಂಟರ ಹಾಗೆ ನೋಡಿಕೊಂಡು ಕಳಿಸುತ್ತಾಳೆ. ಗೋಡೆಯ ಬರಹ ಮುಚ್ಚಿದ್ದ ತಕ್ತೆಯನ್ನು ನಾನು ಗದಗಿನಿಂದ ಬಂದ ದಿನವೇ ತೆಗೆದೆ. ತೂಕದ ದಿನ ಬರುವ ಪ್ರತಿ ತಾಯಿಗೂ, ಶಾಂತವ್ವನ ಎದುರಿಗೇ, ನಾನು ಮಾಡಿದ್ದನ್ನು ಹೇಳಿದೆ. ಕೆಲವರು ಬೈದರು. ಶಾಂತವ್ವ ಬೈಯಲಿಲ್ಲ, ಅದನ್ನು ತಡೆದುಕೊಳ್ಳುವುದೇ ನನಗೆ ಹೆಚ್ಚು ಕಷ್ಟವಾಯಿತು.

ಹೋದ ವರ್ಷ ಲೀಲಿಯ ಮದುವೆ ಆಯಿತು. ಕಾಲುಂಗುರ ತೊಡಿಸಲು ಪತ್ತಾರ ಮನೆಗೆ ಬಂದ. ಮಣೆಯ ಮೇಲೆ ಕೂತಿದ್ದ ಅವಳ ಹಿಮ್ಮಡಿ ಹಿಡಿದು ಕಾಲು ತನ್ನ ಕಡೆ ಎಳೆದುಕೊಳ್ಳಲು ಹೋದ. ಲೀಲಿ ಎಷ್ಟು ಜೋರಾಗಿ ಕಾಲು ಜಾಡಿಸಿದಳೆಂದರೆ ಉಂಗುರದ ತಟ್ಟೆ ಅಂಗಳಕ್ಕೆ ಹಾರಿತು. “ಮದಿಮಗಳಿಗೆ ಕಚಗುಳಿ ಭಾಳ ನೋಡ್ರಿ” ಎಂದು ಬೀಗರ ಕಡೆಯ ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅವಳು ನಗುವವರ ನಡುವೆ ನನ್ನನ್ನು ಹುಡುಕಿದಳು.

“ಅವ್ವಾ, ನೀನ ಬಂದು ಹಾಕು” ಎಂದಳು. ಆಮೇಲೆ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, “ಕಾಲು ಹಿಡೀಬ್ಯಾಡ.”

ಅವಳು ತಾನೇ ಪಾದವನ್ನು ಮಣೆಯ ಮುಂದೆ ನೆಲದ ಮೇಲೆ ಇಟ್ಟಳು. ನಾನು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಲಗೈಯ ಎರಡು ಬೆರಳಿನಲ್ಲಿ ಉಂಗುರ ಹಿಡಿದು ಬಗ್ಗಿದೆ. ಎರಡು ಸಲ ಜಾರಿ ಬಿತ್ತು. ಮೂರನೆಯ ಸಲ ಬೆರಳಿಗೆ ಸೇರಿತು.